ಕಂಕುಳ ಹೊಲಿಗೆ

"ನೀವು ಕತ್ತರಿಸಿದ ಕೋಟುಗಳನ್ನ ಒಂದಿನ ನಿಮ್ಮ ಕೈಯಿಂದಲೇ ಬಿಚ್ಚಿಸ್ತೀನಿ ಬಾವ. ಗಂಟು ಗಂಟೇ ತಂದು ಮುಂದೆ ಹಾಕ್ತೀನಿ. ಒಂದನ್ನೂ ಬಿಡಲ್ಲ. ಎದುರು ಕೂತು ನೋಡ್ತೀನಿ."

ಚಿಕ್ಕ ಸೊಸೆ ಈ ಮಾತು ಕೊಟ್ಟಾಗ ಅವಳ ಮಗಳು ಇನ್ನೂ ತೊದಲುತ್ತಿದ್ದಳು. ಅಂಗಡಿಯಲ್ಲಿ ಉಳಿದ ಚೂರು ಬಟ್ಟೆಗಳನ್ನು ಕೂಡಿಸಿ, ತಾನೇ ಅಳತೆ ಹಾಕಿ, ತಾನೇ ಕತ್ತರಿಸಿ, ಮಗಳಿಗೆ ಒಂದು ಫ್ರಾಕು ಹೊಲಿದಿದ್ದಳು. ಮಗು ಅದನ್ನು ತೊಟ್ಟು ಗಿರಾಕಿಗಳ ಕಾಲ ಸುತ್ತ ಓಡಾಡುತ್ತಿತ್ತು. ಗಂಡನ ಅಣ್ಣ ಮಗುವನ್ನು ಹಿಡಿದು ನಿಲ್ಲಿಸಿದರು. ತೋಳಿನ ಹೊಲಿಗೆಗೆ ಎರಡು ಹೆಬ್ಬೆರಳು ತೂರಿಸಿ, ಎಲ್ಲರೆದುರಿಗೇ ಚರ್ರೆಂದು ಹರಿದರು.

"ಈ ಮನೇಲಿ ಕತ್ತರಿ ಹಿಡಿಯೋ ಕೈ ಒಂದೇ. ನಿನ್ನ ಕೆಲಸ ಬಿಚ್ಚೋದು. ತಗೋ, ಇದನ್ನೂ ಬಿಚ್ಚು" ಎಂದು ಉಳಿದದ್ದನ್ನು ಅವಳ ಮಡಿಲಿಗೆ ಎಸೆದರು.

ಅವಳು ಆಡಿದ ಮಾತಿಗೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಾವ ಎಲ್ಲರಿಗಿಂತ ಜೋರಾಗಿ ನಕ್ಕರು. ಅವತ್ತಿನಿಂದ ಆ ಬೀದಿಯಲ್ಲಿ ಅವಳ ಹೆಸರು ಬಿಚ್ಚಕ್ಕ ಎಂದಾಯಿತು.

ಮನೆಯ ಮುಂಭಾಗವೇ ಅಂಗಡಿ. ಮಾವ ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಮಂದವಾಗಿದ್ದರೂ ಬಂದವರ ಹೆಗಲು ಸವರಿಯೇ ಅಳತೆ ಹೇಳಬಲ್ಲೆ ಎಂಬ ಹೆಮ್ಮೆ ಅವರಿಗೆ. ನಡುವಿನ ಉದ್ದದ ಮೇಜು ಬಾವನದು. ಅದರ ಹಿಂದಿನ ಗೋಡೆಯ ಮೊಳೆಗಳಲ್ಲಿ ಮಾವನ ಗುರುವಿನ ಕಾಲದ ರಟ್ಟುಗಳು ತೂಗುತ್ತಿದ್ದವು. ಬೆನ್ನಿಗೊಂದು, ಎದೆಗೊಂದು, ತೋಳಿಗೊಂದು. ರಟ್ಟನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು ಬಾವನ ವಿದ್ಯೆ. ಹೊಲಿಗೆ ಯಂತ್ರ ತುಳಿಯುವುದು ಅವಳ ಗಂಡ. ಅಡುಗೆಮನೆಯ ಆಡಳಿತ ಓರಗಿತ್ತಿಯದು. ಬಾಗಿಲ ಬಳಿ, ಬೀದಿಗೆ ಕಾಣುವ ಹಾಗೆ ಒಂದು ಗಿಡ್ಡ ಸ್ಟೂಲು. ಅದು ಬಿಚ್ಚಕ್ಕನದು. ರಿಪೇರಿಗೆ ಬಂದ ಕೋಟುಗಳನ್ನು ಅವಳು ಬ್ಲೇಡು ಹಿಡಿದು ಬಿಚ್ಚಿಕೊಡಬೇಕು. ಪಾತ್ರೆ, ಬಟ್ಟೆ, ನೆಲ ಹೇಗೂ ಇದ್ದವು.

ಆ ಅಂಗಡಿಯ ಕೋಟುಗಳೆಲ್ಲ ಹರಿಯುವುದು ಒಂದೇ ಜಾಗದಲ್ಲಿ, ಕಂಕುಳಲ್ಲಿ. ಹರಿದು ಬಂದಾಗಲೆಲ್ಲ ಬಾವ, "ಬಿಗಿಯಾಗಿತ್ತು ಅನ್ಸತ್ತೆ, ಸಡಿಲ ಮಾಡೋಣ" ಎಂದು, ತೋಳು ಕೂರುವ ತೂತನ್ನು ಇನ್ನಷ್ಟು ಕೆಳಕ್ಕೆ ಕೊರೆಯುತ್ತಿದ್ದರು. ಹಾಗೆ ಕೊರೆದ ಕೋಟು ಮೊದಲಿಗಿಂತ ಬೇಗ ಹರಿದು ಬರುತ್ತಿತ್ತು. ಇದನ್ನು ಕಂಡವಳು ಬಿಚ್ಚಕ್ಕ ಒಬ್ಬಳೇ. ಮಿಕ್ಕವರಿಗೆ ಕೋಟು ಹರಿಯುವುದು ಮಳೆ ಬಂದಂತೆ, ಬಿಸಿಲು ಬಂದಂತೆ.

ಒಮ್ಮೆ ಬೇರೆ ಯಾವುದೋ ಊರಿನ ದರ್ಜಿ ಹೊಲಿದ ಹಳೆಯ ಕೋಟೊಂದು ಒಳಪದರದ ಅಸ್ತರು ಬದಲಿಸಲು ಬಂತು. ಮೊಣಕೈ ಸವೆದು ಜರಡಿಯಾಗಿತ್ತು, ಕಾಲರು ಪಿಸಿದು ಹೋಗಿತ್ತು. ಕಂಕುಳ ಹೊಲಿಗೆ ಮಾತ್ರ ಹೊಸದರ ಹಾಗಿತ್ತು. ಅವಳು ಬಿಚ್ಚಿದಳು. ತೋಳಿನ ತೂತು ಸಣ್ಣದು, ಕಂಕುಳಿಗೆ ಅಂಟಿದಷ್ಟು ಮೇಲೆ. ಅವತ್ತು ಪಾತ್ರೆ ತೊಳೆಯುವಾಗ ಅವಳು ಒಬ್ಬಳೇ ಕೈ ಎತ್ತುವುದು, ಇಳಿಸುವುದು ಮಾಡುತ್ತಿದ್ದುದನ್ನು ಕಂಡು ಓರಗಿತ್ತಿ, "ಏನು, ಕಾಗೆ ಓಡಿಸ್ತಿದ್ದೀಯಾ?" ಎಂದಿದ್ದಳು.

"ಹೂಂ ಅಕ್ಕ. ದೊಡ್ಡ ಕಾಗೆ."

ಸಿದ್ಧ ಉಡುಪಿನ ಅಂಗಡಿಗಳು ಬೀದಿಯ ಎರಡೂ ತುದಿಗೆ ಬಂದಮೇಲೆ ಮನೆಗೆ ಗಿರಾಕಿ ಕಡಿಮೆಯಾಗಿತ್ತು. ಅಂಥ ಹೊತ್ತಿಗೆ ಬಸ್ ಡಿಪೋದಿಂದ ಕೆಲಸ ಬಂತು. ಕಂಡಕ್ಟರುಗಳಿಗೆಲ್ಲ ಚಳಿಗಾಲದ ಕೋಟು. ಡಿಪೋದ ಮೇಲ್ವಿಚಾರಕಿ ತಾನೇ ಬಂದು ಬಟ್ಟೆಯ ಥಾನುಗಳನ್ನು ಇಳಿಸಿ ಹೋದಳು. "ದಿನವೆಲ್ಲ ಮೇಲಿನ ಕಂಬಿ ಹಿಡಿದು ನಿಲ್ಲೋ ಜನ. ಕೈ ಎತ್ತೋಕಾಗಬೇಕು, ಅಷ್ಟೇ ನನ್ನ ಷರತ್ತು" ಎಂದಿದ್ದಳು.

ಅಂದಿನ ಊಟಕ್ಕೆ ಓರಗಿತ್ತಿ ಮೊಟ್ಟೆ ಬೇಯಿಸಿದ್ದಳು. ಗಂಡಸರ ತಟ್ಟೆಗೆ ಇಡೀ ಮೊಟ್ಟೆ, ಹೆಂಗಸರಿಗೆ ಅರ್ಧ.

"ಈ ಕೆಲಸ ಕೈಹಿಡಿದ್ರೆ ಪ್ರತಿ ವರ್ಷ ನಮಗೇ" ಎಂದರು ಮಾವ. "ಹೇಗೆ ಮಾಡ್ತೀಯಾ?"

"ಸುಲಭ ಅಪ್ಪಾ. ಕೈ ಎತ್ತಬೇಕು ತಾನೇ? ತೋಳಿನ ತೂತನ್ನ ಇನ್ನೂ ಎರಡು ಬೆರಳು ಇಳಿಸ್ತೀನಿ. ಒಳಗೆ ಆನೆ ಕೈ ಬೇಕಾದ್ರೂ ಆಡಬೇಕು" ಎಂದರು ಬಾವ.

"ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿ. ಕತ್ತರಿ ಬಿದ್ದಮೇಲೆ ಹೇಳಬೇಡಿ."

ಮಾವ ಹಾಗೆಂದಾಗ ಚಿಕ್ಕ ಸೊಸೆ ಅನ್ನದ ಪಾತ್ರೆ ಹಿಡಿದು ಬಾವನ ಪಕ್ಕದಲ್ಲೇ ನಿಂತಿದ್ದಳು.

"ಇನ್ನೊಂದು ಸ್ವಲ್ಪ ಹಾಕ್ಲಾ ಬಾವ?"

"ಹಾಕು" ಎಂದರು ಬಾವ. ಅವಳು ಧಾರಾಳವಾಗಿಯೇ ಹಾಕಿದಳು.

ಮಗಳು ಈಗ ಅವಳ ಭುಜದೆತ್ತರ ಬೆಳೆದಿದ್ದಳು. ಕೈ ತೊಳೆಯುವ ಕಡೆ ತಾಯಿಯನ್ನು ಹಿಡಿದಳು. "ಅಮ್ಮ, ಯಾಕೆ ನಗ್ತಿದ್ದೆ?"

"ನಿನ್ನ ಮೊಣಕೈನ ಪಕ್ಕೆಗೆ ಒತ್ತಿ ಹಿಡ್ಕೋ. ಈಗ ಕೈ ಎತ್ತು."

"ಎತ್ತೋಕಾಗಲ್ಲ. ಮೈಯೆಲ್ಲ ಜೊತೆಗೆ ಏಳತ್ತೆ."

"ತೂತು ಕೆಳಗಿಳಿದ್ರೆ ತೋಳು ಪಕ್ಕೆಗೆ ಕಟ್ಟಿಹಾಕಿದ ಹಾಗೆ. ಕೈ ಎತ್ತಿದ್ರೆ ಕೋಟೂ ಏಳಬೇಕು. ಏಳದಿದ್ರೆ ಹರೀಬೇಕು. ನಿಮ್ಮ ದೊಡ್ಡಪ್ಪ ಅದನ್ನೇ ಇನ್ನೂ ಎರಡು ಬೆರಳು ಇಳಿಸ್ತಾರಂತೆ."

"ಮತ್ತೆ ಹೇಳು ಹೋಗಿ!"

"ಬಿಚ್ಚೋಳು ನಾನು. ನನಗೇನು ಗೊತ್ತು?"

"ಅಷ್ಟೂ ಕೋಟು ಹೊಲಿಯೋದು ಅಪ್ಪ ಅಲ್ವಾ?"

ತಾಯಿ ಮಗಳ ಕೈಗೆ ಒರೆಸುವ ಬಟ್ಟೆ ಕೊಟ್ಟಳು. "ಬಾಯಿ ಮುಚ್ಕೊಂಡಿರು."

ಮರುದಿನದಿಂದ ಮನೆಯಲ್ಲಿ ಕತ್ತರಿಯ ಸದ್ದು, ಯಂತ್ರದ ಸದ್ದು. ಊಟವನ್ನೂ ಸರದಿಯ ಮೇಲೆ ಮಾಡುವಂತಾಯಿತು. ಗಂಡ ಬೆಳಗ್ಗೆ ಪೆಡಲಿನ ಮೇಲೆ ಕಾಲಿಟ್ಟರೆ ದೀಪ ಹಚ್ಚುವ ಹೊತ್ತಿಗೂ ತೆಗೆಯುತ್ತಿರಲಿಲ್ಲ. ಅವನ ಸೊಂಟ ಹಿಡಿದುಕೊಂಡಿತು. ಅವಳು ಬಿಸಿನೀರಿನ ಬಟ್ಟೆ ಹಿಂಡಿ ಒತ್ತುತ್ತಿದ್ದಳು, ಎಣ್ಣೆ ತಿಕ್ಕುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಒರಗುವ ಹೊತ್ತಿಗೆ ಅವಳು ಸಾಮಾನಿನ ಕೋಣೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. ಚೂರು ಬಟ್ಟೆಯಲ್ಲಿ ತನ್ನದೊಂದು ಕೋಟು ಶುರುಮಾಡಿದ್ದಳು. ಮೊದಲ ಸಲ ಪರ ಊರಿನ ದರ್ಜಿಯ ತೂತನ್ನು ನೆನಪಿನಿಂದ ಹಾಗೇ ನಕಲು ಮಾಡಿದಳು. ಮಗಳಿಗೆ ತೊಡಿಸಿದರೆ ತೋಳು ಬೆನ್ನಿನ ಕಡೆಗೆ ತಿರುಚಿಕೊಂಡು ನಿಂತಿತು.

"ದೊಡ್ಡಪ್ಪನ ಕೋಟೇ ವಾಸಿ" ಎಂದಳು ಮಗಳು.

"ತಲೆಹರಟೆ. ಬಿಚ್ಚು."

ಆಗ ಹೊಳೆಯಿತು. ತಾನು ಮಾಡಿದ್ದೂ ಬಾವ ಮಾಡುವುದೇ. ಇನ್ನೊಬ್ಬರ ರಟ್ಟನ್ನು ಇಟ್ಟು ಗೆರೆ ಎಳೆದಿದ್ದಳು. ತೂತು ಮೇಲೇರಿದರೆ ತೋಳಿನ ತಲೆ, ಅಂದರೆ ಹೆಗಲಿಗೆ ಕೂರುವ ತುದಿ, ತಗ್ಗಬೇಕು, ಅಗಲವಾಗಬೇಕು. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮುಟ್ಟಲೇಬೇಕು. ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಇಷ್ಟಕ್ಕೆ ಅವಳ ಸಿಟ್ಟು ತಣಿಯಲಿಲ್ಲ. ಒಳ್ಳೆಯ ಕೋಟು ಹೊಲಿದು ತೋರಿಸಿದರೆ, ಭೇಷ್ ಎಂದು ಗೂಟಕ್ಕೆ ಸಿಕ್ಕಿಸಿ ಮರೆತಾರು. ಬಾವ ಕೆಡಿಸಿದ ಕೋಟುಗಳೇ ತನ್ನ ಕೈಗೆ ಬರಬೇಕು, ತನ್ನಿಂದಲ್ಲದೆ ಇನ್ಯಾರಿಂದಲೂ ರಿಪೇರಿಯಾಗಬಾರದು. ಕತ್ತರಿಸಿ ಹೋದ ಬಟ್ಟೆ ಮತ್ತೆ ಬೆಳೆಯುವುದಿಲ್ಲ. ಹಾಗಾದರೆ ತೂತನ್ನು ಮೇಲೇರಿಸುವುದು ಹೇಗೆ?

ಬಹಳ ದಿನ ಕೂತು ಒಂದು ದಾರಿ ಕಂಡುಕೊಂಡಳು. ತೋಳು ಕಿತ್ತು, ಪಕ್ಕೆಯ ಹೊಲಿಗೆ ಬಿಚ್ಚಿ, ಎರಡೂ ಕಡೆ ಸ್ವಲ್ಪ ಸ್ವಲ್ಪ ತೆಗೆದು, ನಡುವೆ ಕೆಳ ಅಂಚಿನಿಂದ ಕಂಕುಳಿನವರೆಗೆ ಒಂದು ಉದ್ದನೆಯ ಪಟ್ಟಿ ಕೂರಿಸುವುದು. ಪಟ್ಟಿಯ ತಲೆ ನಾಲಗೆಯಂತೆ ಮೇಲಕ್ಕೆ ಚಾಚಿ ತೂತಿನ ತಳವನ್ನು ಮುಚ್ಚುತ್ತದೆ. ತೋಳಿಗೂ ಕೆಳಗೆ ಒಂದು ಬೆಣೆ ಸೇರಿಸಿ ತಿರುಗಿ ಕೂರಿಸಬೇಕು. ಅಂಥ ಕೋಟನ್ನು ಅವಳು ಯಾವ ದರ್ಜಿಯ ಕೈಯಲ್ಲೂ ನೋಡಿರಲಿಲ್ಲ. ಮಗಳು ತೊಟ್ಟು, ತುದಿಗಾಲಲ್ಲಿ ನಿಂತು ಅಟ್ಟದ ಡಬ್ಬಿ ಇಳಿಸಿದಳು. ಕೋಟಿನ ಅಂಚು ಕದಲಲಿಲ್ಲ.

ಮಗಳ ಬಾಯಿ ಮುಚ್ಚಿತ್ತು, ಆದರೆ ಕೋಟು ಅವಳ ಮೈಮೇಲಿತ್ತು. ಸೊಂಟಕ್ಕೆ ಎಣ್ಣೆ ಹುಡುಕಿಕೊಂಡು ಬಂದ ಗಂಡ ಬಾಗಿಲು ತಟ್ಟಿದ. ತೆಗೆದರೆ ಎದುರಿಗೇ ಮಗಳು, ಕೈ ಮೇಲೆತ್ತಿಕೊಂಡು. ಅವನು ಹತ್ತಿರ ಬಂದು ಪಟ್ಟಿಯ ಮೇಲೆ ಬೆರಳಾಡಿಸಿದ. ಹೊಲಿಯುವವನ ಬೆರಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದು ಅಣ್ಣ ಕತ್ತರಿಸಿದ ಕೋಟು ತಾನೇ?"

"ಅದೇ ಅಳತೆ. ಅವರ ಹಾಗೇ ಕೆಡಿಸಿ, ಆಮೇಲೆ ಸರಿಮಾಡಿದ್ದು."

"ಅಂದ್ರೆ ನಾನು ಹೊಲೀತಿರೋದೆಲ್ಲ ಹರಿಯತ್ತೆ."

"ಹೂಂ."

"ಯಾವಾಗಿಂದ ಗೊತ್ತು ನಿಂಗೆ?"

"ಬಟ್ಟೆ ಬರೋಕೆ ಮುಂಚಿನಿಂದ."

"ನನ್ನ ಸೊಂಟಕ್ಕೆ ಎಣ್ಣೆ ತಿಕ್ತಾ ಇದ್ದೆಯಲ್ಲೇ! ಹರಿಯೋ ಕೋಟು ಹೊಲೀತಿದ್ದಾನೆ ಅಂತ ಗೊತ್ತಿದ್ದೂ ತಿಕ್ತಾ ಇದ್ದೆ!"

"ತಿಕ್ಕದೆ ಬಿಟ್ಟಿದ್ರೆ ವಾಸಿಯಾಗಿತ್ತಾ?"

"ಒಂದು ಮಾತು ಹೇಳಬಾರದಿತ್ತಾ?"

"ಆ ಫ್ರಾಕು ಹರಿದ ದಿನ ನೀವೆಲ್ಲಿದ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವನು ಪಟ್ಟಿಯಿಂದ ಬೆರಳು ತೆಗೆದ.

"ಹೇಳಿ. ನಿಮ್ಮ ಮಗಳ ಮೈಮೇಲಿಂದ ಹರಿದ್ರಲ್ಲ, ಆಗ ಎಲ್ಲಿದ್ರಿ?"

"ಮಿಶಿನ್ ಮುಂದೆ."

"ಮಿಶಿನ್ ನಿಂತಿತ್ತಾ?"

"ಇಲ್ಲ."

"ಈಗಲೂ ನಿಲ್ಲಿಸಬೇಡಿ. ಹೋಗಿ."

ಅವನು ಹೋದ. ಅಣ್ಣನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅಣ್ಣ ನಂಬುವುದಿಲ್ಲವೆಂದೋ, ಅವಳ ಮೇಲಿನ ಹಟಕ್ಕೋ, ಉಳಿದ ಕೋಟುಗಳನ್ನೂ ಅದೇ ವೇಗದಲ್ಲಿ ಹೊಲಿದು ಮುಗಿಸಿದ. ಆದರೆ ಅಂದಿನಿಂದ ಊಟಕ್ಕೆ ಕೂತಾಗ ತಟ್ಟೆಯನ್ನು ಅತ್ತಿಗೆಯ ಕಡೆಗೆ ಚಾಚತೊಡಗಿದ.

"ಏನು, ಹೆಂಡತಿ ಕೈ ಅನ್ನ ಬೇಜಾರಾಯ್ತೇನು?" ಎಂದಳು ಓರಗಿತ್ತಿ.

"ಬಿಸಿ ಜಾಸ್ತಿ" ಎಂದ.

ಕೋಟುಗಳು ಇಸ್ತ್ರಿಯಾಗಿ ಡಿಪೋಗೆ ಹೋದವು. ಒಂದು ವಾರ ಮನೆಯಲ್ಲಿ ಹಬ್ಬದ ಕಳೆ. ಬಾವ ಹೊಸ ಕತ್ತರಿ ಕೊಂಡರು. ಆಮೇಲೆ ಒಂದು ಬೆಳಗ್ಗೆ ಡಿಪೋದ ವ್ಯಾನು ಅಂಗಡಿಯ ಮುಂದೆ ನಿಂತು ಗಂಟುಗಳನ್ನು ಇಳಿಸಿತು. ಹಿಂದೆಯೇ ಮೇಲ್ವಿಚಾರಕಿ, ಅವಳ ಜೊತೆಗೊಬ್ಬ ದಪ್ಪನೆಯ ಕಂಡಕ್ಟರು.

"ಎತ್ತಪ್ಪಾ ಕೈ" ಎಂದಳು ಮೇಲ್ವಿಚಾರಕಿ.

ಅವನು ಎತ್ತಿದ. ಕೋಟೂ ಎದ್ದಿತು. ಅಂಗಿ ಎದ್ದಿತು. ಹೊಕ್ಕಳು ಕಾಣಿಸಿತು. ಎದುರು ಅಂಗಡಿಯವರು ನೋಡುತ್ತ ನಿಂತಿದ್ದರು.

"ಟಿಕೆಟ್ ಕೇಳೋಕೆ ಹೋದ್ರೆ ಹೆಂಗಸರು ಮುಖ ತಿರುಗಿಸ್ತಾರೆ ಸ್ವಾಮಿ" ಎಂದ ಕಂಡಕ್ಟರು. "ಇನ್ನೊಂದು ಕೈ ತೋರಿಸ್ಲಾ? ಅದು ಹರಿದೇ ಹೋಗಿದೆ."

ಬಾವನ ಮುಖ ಸುಣ್ಣವಾಯಿತು. "ಕಟಿಂಗ್ ಸರಿಯಾಗಿದೆ ಮೇಡಂ. ಹೊಲಿಗೆ ಕೆಟ್ಟಿರೋದು. ಇವನು ಆತುರಕ್ಕೆ ತುಳಿದುಬಿಟ್ಟಿದ್ದಾನೆ" ಎಂದು ತಮ್ಮನ ಕಡೆಗೆ ಬೆರಳು ತೋರಿಸಿದರು.

ಗಂಡ ಯಂತ್ರದ ಮುಂದೆ ಕೂತೇ ಇದ್ದ. ಅಣ್ಣನನ್ನು ನೋಡಿದ, ಹೆಂಡತಿಯನ್ನು ನೋಡಿದ, ತಲೆ ತಗ್ಗಿಸಿದ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ" ಎಂದು ಬಾಗಿಲ ಬಳಿಯ ಸ್ಟೂಲಿನಿಂದ ಮಾತು ಬಂತು.

"ಏನಂದೆ?"

"ಗಾದೆ ಹೇಳಿದೆ ಬಾವ."

ಮೇಲ್ವಿಚಾರಕಿಗೆ ಗಾದೆ ಬೇಕಾಗಿರಲಿಲ್ಲ. "ಸರಿಮಾಡಿಕೊಡ್ತೀರೋ, ಬಟ್ಟೆಯ ನಷ್ಟ ಕಟ್ಟಿಕೊಡ್ತೀರೋ? ಸಂಜೆಗೆ ಹೇಳಿ ಕಳಿಸಿ" ಎಂದು ಹೊರಟಳು.

ಮಧ್ಯಾಹ್ನ ಒಲೆ ಹೊತ್ತಲಿಲ್ಲ. ಮಾವ ಕೋಟುಗಳನ್ನು ಒಂದೊಂದಾಗಿ ಸವರುತ್ತ, "ಏನಾಯ್ತೋ, ಏನಾಯ್ತೋ" ಎನ್ನುತ್ತಿದ್ದರು. ಬಾವ ರಟ್ಟುಗಳನ್ನು ಇಳಿಸಿ ಮೇಜಿನ ಮೇಲೆ ಹರಡಿ ಅಳೆದರು, ಮತ್ತೆ ಅಳೆದರು. ರಟ್ಟು ಸರಿಯಾಗಿಯೇ ಇತ್ತು, ಗುರುವಿನ ಕಾಲದಲ್ಲಿದ್ದ ಹಾಗೆಯೇ ಇತ್ತು. ಅದು ಹಾಗೇಕಿದೆ ಎಂದು ಅವರು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳಲು ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗಲಿಲ್ಲ.

ಸೂರ್ಯ ಇಳಿಯುವ ಮುಂಚೆ ಚಿಕ್ಕ ಸೊಸೆ ತನ್ನ ಕೋಟನ್ನು ತಂದು ಮಾವನ ಮಡಿಲಿಗಿಟ್ಟಳು. ಅವರು ಪಕ್ಕೆಯ ಪಟ್ಟಿಯ ಮೇಲೆ ಕೈಯಾಡಿಸಿದರು. ತೋಳಿನೊಳಗೆ ಮುಷ್ಟಿ ತೂರಿಸಿ ಎತ್ತಿದರು, ಇಳಿಸಿದರು. ಬಹಳ ಹೊತ್ತು ಹಾಗೇ ಮಾಡುತ್ತಿದ್ದರು.

"ಯಾರು ಕಲಿಸಿದ್ರಮ್ಮ?"

"ಬಾವ. ಅವರು ಕೆಡಿಸಿ ಕೆಡಿಸಿ ಕೊಟ್ಟಿದ್ದಕ್ಕೇ ಕಲಿತೆ."

"ಎಲ್ಲವನ್ನೂ ಹೀಗೆ ಮಾಡೋಕಾಗತ್ತಾ?"

"ಆಗತ್ತೆ. ಪಟ್ಟಿ ನಾನು ಕತ್ತರಿಸ್ತೀನಿ, ಆ ಮೇಜಿನ ಮೇಲೆ. ತೋಳುಗಳನ್ನ, ಪಕ್ಕೆಗಳನ್ನ ಬಿಚ್ಚಬೇಕು. ಅದು ಬಾವನ ಕೆಲಸ. ಆ ಸ್ಟೂಲಿನ ಮೇಲೆ ಕೂತು, ಬೀದಿಗೆ ಮುಖ ಮಾಡಿ."

ಓರಗಿತ್ತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ನಾಲಗೆ ಎಷ್ಟುದ್ದ ಆಯ್ತೇ ನಿಂದು! ಅವರು ಮನೆಗೆ ದೊಡ್ಡವರು!"

"ಅವನು ದೊಡ್ಡವನಲ್ವೇನಮ್ಮ" ಎಂದರು ಮಾವನೂ. "ಬಿಚ್ಚೋದನ್ನ ನೀನೇ..."

"ಹಾಗಾದ್ರೆ ನಷ್ಟ ಕಟ್ಟಿಕೊಡಿ ಮಾವ. ದೊಡ್ಡವರು ಕಟ್ಟಲಿ."

ಬಾವ ಎದ್ದು ಹೋಗಿ ಸ್ಟೂಲಿನ ಮೇಲೆ ಕೂತರು. ಅದು ಅವರಿಗೆ ಬಹಳ ಗಿಡ್ಡವಾಗಿತ್ತು. ಮೊಣಕಾಲು ಎದೆಗೆ ಬಂತು.

ಮರುದಿನದಿಂದ ಅವಳು ಮೇಜಿನ ಹಿಂದೆ ನಿಂತಳು. ಹೊಸ ಕತ್ತರಿಯಿಂದಲೇ ಪಟ್ಟಿಗಳನ್ನು ಕತ್ತರಿಸಿದಳು. ನಡುನಡುವೆ ಕತ್ತರಿ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಬಾವನ ಎದುರು ಕೂತು ನೋಡುತ್ತಿದ್ದಳು.

"ದಾರ ಕೊಯ್ಯಿರಿ ಅಂದ್ರೆ ಬಟ್ಟೆ ಕೊಯ್ತಿದ್ದೀರಲ್ಲ ಬಾವ. ಬ್ಲೇಡು ಮಲಗಿಸಿ ಹಿಡೀರಿ."

ದಾರಿಹೋಕರು ನಿಂತು, "ಏನು ಮಾಸ್ಟರ್, ಕೆಲಸ ಬದಲಾಯ್ತಾ?" ಎಂದು ಕೇಳುತ್ತಿದ್ದರು. ಬಾವ ತಲೆ ಬಗ್ಗಿಸಿ ಇನ್ನೊಂದು ಹೊಲಿಗೆಗೆ ಬ್ಲೇಡು ಹಾಕುತ್ತಿದ್ದರು. ಅವರ ಬೆರಳ ತುದಿಗಳು ಗೀರಿ ಹೋಗಿದ್ದವು. ಓರಗಿತ್ತಿ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ, ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದಳು. ಚಿಕ್ಕ ಸೊಸೆಗೆ ಆ ದಿನಗಳಲ್ಲಿ ಹಸಿವೂ ಚೆನ್ನಾಗಿತ್ತು, ನಿದ್ದೆಯೂ ಚೆನ್ನಾಗಿತ್ತು. ಇಡೀ ಮೊಟ್ಟೆ ತಾನೇ ಬಡಿಸಿಕೊಂಡಳು. ಗಂಡನ ತಟ್ಟೆ ಅವಳ ಕಡೆ ಬರಲಿಲ್ಲ. ಬರಲಿ ಎಂದು ಅವಳು ಕಾಯಲೂ ಇಲ್ಲ.

ಗಂಟುಗಳು ಕರಗುತ್ತ ಬಂದಂತೆ ಬಾವನ ಕೈ ನೆಟ್ಟಗಾಯಿತು. ಬ್ಲೇಡು ತಾನಾಗಿಯೇ ಮಲಗತೊಡಗಿತು. ಒಂದು ಮಧ್ಯಾಹ್ನ ಅವಳು ಪಟ್ಟಿ ಕತ್ತರಿಸುತ್ತಿದ್ದಾಗ ಬಾಗಿಲ ಕಡೆ ಸದ್ದೇ ಇರಲಿಲ್ಲ. ಬಾವ ಬಿಚ್ಚುವುದನ್ನು ನಿಲ್ಲಿಸಿದ್ದರು. ಹರಿದಿದ್ದ ಒಂದು ಕೋಟು, ಹರಿಯದೆ ಉಳಿದಿದ್ದ ಒಂದು ಕೋಟು, ಎರಡನ್ನೂ ತೊಡೆಯ ಮೇಲೆ ಹರಡಿ, ತೂತಿಗೆ ತೂತು ಕೂಡಿಸಿ ನೋಡುತ್ತಿದ್ದರು. ಬೆರಳು ಕಂಕುಳಿಂದ ಪಕ್ಕೆಗೆ, ಪಕ್ಕೆಯಿಂದ ಕಂಕುಳಿಗೆ ಹೋಗಿ ಬರುತ್ತಿತ್ತು. ಆಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಂದು ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿದರು, ಇಳಿಸಿದರು.

ಶಾಲೆಯಿಂದ ಬಂದ ಮಗಳು ಅಲ್ಲೇ ನಿಂತಿದ್ದಳು. "ಅಮ್ಮ ನೋಡು, ದೊಡ್ಡಪ್ಪನೂ ನಿನ್ನ ಹಾಗೇ ಮಾಡ್ತಿದ್ದಾರೆ!"

ಬಾವ ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಏನೋ ಸಿಕ್ಕಿದವರ ಮುಖ. "ಇಳಿಸಬಾರದಿತ್ತಲ್ವಾ?" ಎಂದರು. "ಇಳಿಸಿದಷ್ಟೂ ಎಳೆಯತ್ತೆ. ಮೇಲೆ ಹೋಗಬೇಕು. ಹಾಗಾದ್ರೆ ತೋಳು... ತೋಳನ್ನ ಏನ್ ಮಾಡಿದೆ ನೀನು?"

ಅವಳ ಕೈಯಲ್ಲಿ ಕತ್ತರಿ ಅರ್ಧ ಬಾಯಿ ತೆರೆದು ನಿಂತಿತು. ಆ ಸ್ಟೂಲಿನ ಮೇಲೆ ಕೂತವರಿಗೆ ಏನು ಸಿಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಶಿಕ್ಷೆಯೆಂದು ಕೂರಿಸಿದ್ದಳು. ಇನ್ನೊಂದಷ್ಟು ಕೋಟು ಬಿಚ್ಚಿದರೆ ತೋಳಿನ ಗುಟ್ಟೂ ತಾನಾಗಿಯೇ ತಿಳಿದೀತು. ತಿಳಿದರೆ ಮೇಜು ಮತ್ತೆ ಅವರದು.

ಅವಳು ದಡದಡನೆ ಬಂದು ಅವರ ತೊಡೆಯ ಮೇಲಿನ ಎರಡೂ ಕೋಟುಗಳನ್ನು ಕಿತ್ತುಕೊಂಡಳು. ಪಕ್ಕದಲ್ಲಿ ಉಳಿದಿದ್ದ ಗಂಟನ್ನೂ ಎಳೆದುಕೊಂಡಳು.

"ಸಾಕು. ಏಳಿ ಅಲ್ಲಿಂದ."

"ಇನ್ನೂ ಇವೆಯಲ್ಲ?" ಎಂದರು ಬಾವ, ಬೆಪ್ಪಾಗಿ. "ನಾನು ಬಿಚ್ತೀನಿ. ಪರವಾಗಿಲ್ಲ. ಬಿಚ್ತೀನಿ, ಕೊಡು."

"ಬೇಡ ಅಂದ್ನಲ್ಲ. ಗುಂಡಿ ಹಾಕೋದಿದೆ, ಹೋಗಿ ಗುಂಡಿ ಹಾಕಿ."

ಯಂತ್ರದ ಮುಂದೆ ಕೂತಿದ್ದ ಗಂಡ ಕಾಲು ನಿಲ್ಲಿಸಿದ. "ಅಷ್ಟೂ ಯಾರು ಬಿಚ್ತಾರೆ? ಬೇಕಾದ್ರೆ ನಾನು..."

"ನಿಮಗೂ ಬೇಡ."

"ಮತ್ತೆ ನೀನೇ ಬಿಚ್ಚೋದಾ ಅಮ್ಮ?" ಎಂದಳು ಮಗಳು.

ಅವಳು ಗಂಟನ್ನು ಹೊತ್ತು ಸಾಮಾನಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಹಗಲು ಮೇಜಿನ ಮುಂದೆ ನಿಂತು ಕತ್ತರಿಸಿದಳು, ಊಟದ ಹೊತ್ತು ಉಳಿಸಿ ಕೋಣೆಯಲ್ಲಿ ಕೂತು ಬಿಚ್ಚಿದಳು. ಡಿಪೋದವರು ಕೋಟುಗಳನ್ನು ಒಪ್ಪಿಕೊಂಡರು, ಮುಂದಿನ ವರ್ಷಕ್ಕೂ ಹೇಳಿ ಹೋದರು. ಬಾವನ ಕೋಟುಗಳನ್ನೆಲ್ಲ ಬಾವನ ಕೈಯಿಂದಲೇ ಬಿಚ್ಚಿಸುತ್ತೇನೆ, ಒಂದನ್ನೂ ಬಿಡುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಆ ಮಾತನ್ನು ಅವಳು ನಡೆಸಲಿಲ್ಲ.